ಶಿವನಸಮುದ್ರದಿಂದ ಪಾವಗಡದವರೆಗೆ: ಮೈಸೂರಿನ ವಿದ್ಯುತ್ತು ಮತ್ತು ಸಂಜೆಯ ಬೇಡಿಕೆ

ದೇಶದ ಇಂಧನ ಭವಿಷ್ಯದ ಚರ್ಚೆ ಸಾಮಾನ್ಯವಾಗಿ ಮೆಗಾವಾಟ್ ಲೆಕ್ಕದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ. 2021ರ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ಭಾರತವು 2030ಕ್ಕೆ 500 ಗಿಗಾವಾಟ್ ಪಳೆಯುಳಿಕೆಯೇತರ ಸಾಮರ್ಥ್ಯದ ಗುರಿ ಸಾರಿತು. 2025ರ ನಡುವಿಗೆ ದೇಶದ ಸ್ಥಾಪಿತ ಸಾಮರ್ಥ್ಯದ ಅರ್ಧಭಾಗ ಇಂಥ ಮೂಲಗಳದ್ದೇ ಆಯಿತು. ಆದರೆ ನಿಜವಾಗಿ ಉತ್ಪಾದನೆಯಾಗುವ ಯೂನಿಟ್ಟುಗಳಲ್ಲಿ ಮುಕ್ಕಾಲಿಗೆ ಹತ್ತಿರದ ಪಾಲು ಇನ್ನೂ ಕಲ್ಲಿದ್ದಲಿನದು. ಸಾಮರ್ಥ್ಯಕ್ಕೂ ಉತ್ಪಾದನೆಗೂ ನಡುವಿನ ಈ ಅಂತರ ಅರ್ಥವಾಗಬೇಕಾದರೆ ‘ಎಷ್ಟು’ ಎಂಬುದರ ಜೊತೆಗೆ ‘ಯಾವ ಹೊತ್ತಿಗೆ, ಮೊದಲು ಯಾರಿಗೆ’ ಎಂದೂ ಕೇಳಬೇಕು. ಹಾಗೆ ಕೇಳಲು ಮೈಸೂರಿನಷ್ಟು ದೀರ್ಘ ದಾಖಲೆಯುಳ್ಳ ಊರುಗಳು ಭಾರತದಲ್ಲಿ ಕಡಿಮೆ.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತಯಾರಾದ ವಿದ್ಯುತ್ತು ಹೊರಟದ್ದು ರಾಜಧಾನಿಯ ಕಡೆಗಲ್ಲ. ಸುಮಾರು 148 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯೋಜನೆಗೆ ಒತ್ತಾಸೆಯಾಗಿದ್ದ ದಿವಾನ್ ಕೆ. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ದರು, ಎಂಜಿನಿಯರ್ ಎ.ಸಿ. ಜೋಲಿ ದ ಲಾಟ್ಬಿನಿಯೇರ್ ಅವರ ನಕ್ಷೆ, ರೀಜೆಂಟರಾಗಿದ್ದ ವಾಣಿವಿಲಾಸ ಸನ್ನಿಧಾನದವರ ಆಡಳಿತದಲ್ಲಿ ರೂಪ ತಳೆಯಿತು. ಬೆಂಗಳೂರಿಗೆ ಬೀದಿದೀಪ ಬಂದದ್ದು 1905ರಲ್ಲಿ. ಗಣಿಗಳಿಗಿಂತ ಎಷ್ಟೋ ಹತ್ತಿರವಿದ್ದ ಮೈಸೂರು 1908ರವರೆಗೆ ಕಾಯಿತು. ಇದನ್ನು ಅರಮನೆಯ ಔದಾಸೀನ್ಯ ಎನ್ನುವಂತಿಲ್ಲ. ಖಚಿತವಾಗಿ ಹಣ ಕಟ್ಟುವ, ಹಗಲಿರುಳು ಒಂದೇ ಸಮ ವಿದ್ಯುತ್ ಬಳಸುವ ಗಿರಾಕಿ ಇಲ್ಲದೆ ಅಂಥ ಬಂಡವಾಳ ಹುಟ್ಟುತ್ತಿರಲಿಲ್ಲ. ಗಣಿ ಆ ಗಿರಾಕಿಯಾಯಿತು. ನಗರ ಅದರ ಬೆನ್ನಿಗೆ ಬಂತು, ಹಳ್ಳಿಗಳು ದಶಕಗಳ ನಂತರ.

ನದಿಗೆ ಮಾತ್ರ ಒಪ್ಪಂದದ ಹಂಗಿಲ್ಲ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಗಣಿಯ ಯಂತ್ರಗಳೂ ಸೊರಗಬೇಕು. 1911ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ಮಂಡ್ಯದ ನೀರಾವರಿಯಷ್ಟೇ ಮುಖ್ಯವಾಗಿದ್ದ ಉದ್ದೇಶವೆಂದರೆ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದು. ಆ ಕಟ್ಟೆಯನ್ನು, ಅಂದರೆ ಕೃಷ್ಣರಾಜಸಾಗರವನ್ನು (ಕೆ.ಆರ್.ಎಸ್.), ನಾವು ಈಗ ಗದ್ದೆಯ ಕಣ್ಣಿಂದ, ತಮಿಳುನಾಡಿನ ಜೊತೆಗಿನ ವ್ಯಾಜ್ಯದ ಕಣ್ಣಿಂದ ನೋಡುತ್ತೇವೆ. ಅದು ಶಕ್ತಿಯ ಸಂಗ್ರಹಾಗಾರವೂ ಆಗಿತ್ತು ಎಂಬುದು ಮರೆತೇ ಹೋಗಿದೆ. ಈ ಲೇಖನದ ವಾದ ನಿಂತಿರುವುದು ಇಲ್ಲೇ: ಉತ್ಪಾದನೆ ಸುಲಭವಾದಾಗಲೆಲ್ಲ ಸಂಗ್ರಹ ಕಷ್ಟದ ಪ್ರಶ್ನೆಯಾಗುತ್ತದೆ, ಸಂಗ್ರಹದ ಬೆಲೆ ತೆರುವವರು ಯಾರೆಂಬುದರ ಮೇಲೆ ಇಂಧನ ನೀತಿಯ ನ್ಯಾಯ ನಿಂತಿರುತ್ತದೆ.

ಮುಂದಿನ ಕಥೆ ಪರಿಚಿತ. ಜೋಗ, 1960ರ ದಶಕದಲ್ಲಿ ಶರಾವತಿ, 1970ರಲ್ಲಿ ಸ್ಥಾಪನೆಯಾದ ವಿದ್ಯುತ್ ನಿಗಮ, 1985ರಲ್ಲಿ ರಾಯಚೂರಿನ ಮೊದಲ ಶಾಖೋತ್ಪನ್ನ ಘಟಕ, 2000ದಲ್ಲಿ ಕೈಗಾ. ಮಳೆಯ ಮೇಲಿನ ಅವಲಂಬನೆ ತಗ್ಗಿಸಲು ಹೊರಟ ರಾಜ್ಯ ಕಲ್ಲಿದ್ದಲಿಗೆ ಜೋತುಬಿತ್ತು. ಆ ಕಲ್ಲಿದ್ದಲು ಕರ್ನಾಟಕದ ನೆಲದಲ್ಲಿಲ್ಲ. ಯುಕ್ರೇನ್ ಯುದ್ಧದಿಂದ ಜಾಗತಿಕ ಬೆಲೆ ಏರಿದ್ದ 2022ರ ಏಪ್ರಿಲ್‌ನಲ್ಲಿ ಇಂಧನ ಸಾಗಣೆಯ ಗೂಡ್ಸ್ ರೈಲುಗಳಿಗೆ ಹಳಿ ಬಿಡಲು ಪ್ರಯಾಣಿಕರ ರೈಲುಗಳನ್ನೇ ರದ್ದುಮಾಡಬೇಕಾಯಿತು. ದೂರದ ಯುದ್ಧ ಸ್ವಿಚ್‌ಬೋರ್ಡಿನವರೆಗೂ ಬರುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಅದಕ್ಕಿಂತ ಕಠಿಣ ಪರೀಕ್ಷೆ 2023ರದು. ಆ ವರ್ಷದ ಆಗಸ್ಟ್, ದೇಶದಲ್ಲಿ 1901ರಿಂದೀಚಿನ ಅತಿ ಒಣ ಆಗಸ್ಟ್ ಆಯಿತು. ಕೆ.ಆರ್.ಎಸ್. ತುಂಬಲಿಲ್ಲ. ಮಳೆಯಿಲ್ಲದ್ದರಿಂದ ಬೋರ್‌ವೆಲ್ ಪಂಪ್‌ಸೆಟ್ಟುಗಳು ನಿಲ್ಲದೆ ಓಡಿದವು. ಜಲವಿದ್ಯುತ್ತು ಇಳಿದ ಹೊತ್ತಿಗೇ ಬೇಡಿಕೆ ಏರಿತು. ಬರಗಾಲವೊಂದು ಪೂರೈಕೆ, ಬೇಡಿಕೆ ಎರಡನ್ನೂ ಒಟ್ಟಿಗೆ ಹೊಡೆಯುತ್ತದೆ ಎಂಬುದನ್ನು ಯೋಜಕರ ಸರಾಸರಿ ಕೋಷ್ಟಕಗಳು ತೋರಿಸುವುದಿಲ್ಲ. ಅಕ್ಟೋಬರಿನಲ್ಲಿ ರೈತರಿಗೆ ಏಳು ಗಂಟೆಯಿದ್ದ ತ್ರೀ ಫೇಸ್ ಪೂರೈಕೆ ಐದಕ್ಕಿಳಿಯಿತು. ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮಿನಡಿ ಖಾಸಗಿ ಉತ್ಪಾದಕರಿಗೆ ರಾಜ್ಯಕ್ಕೇ ಮಾರುವಂತೆ ಆದೇಶಿಸಿತು. ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಮುಂದೆ ಹಿಂದಿರುಗಿಸುವ ಕರಾರಿನ ಮೇಲೆ ವಿದ್ಯುತ್ ತಂದಿತು. ಕೊರತೆಯಲ್ಲಿ ಮೊದಲು ಕೈಬಿಟ್ಟದ್ದು ಯಾರ ಗಂಟೆಗಳನ್ನು ಎಂದು ನೋಡಿದರೆ 1902ರ ಸರದಿ ಇನ್ನೂ ಜೀವಂತವಿರುವುದು ಕಾಣುತ್ತದೆ.

ವಿಚಿತ್ರವೆಂದರೆ, ಅದೇ ಹೊತ್ತಿಗೆ ಪಾವಗಡದ ಸೌರ ಪಾರ್ಕಿನಲ್ಲಿ ಬಿಸಿಲಿಗೇನೂ ಬರವಿರಲಿಲ್ಲ. ಸುಮಾರು 13,000 ಎಕರೆ, 2,050 ಮೆಗಾವಾಟ್. ಜಮೀನನ್ನು ಸ್ವಾಧೀನ ಮಾಡಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಅದರ ಹೆಚ್ಚುಗಾರಿಕೆ. ಆದರೆ ಜಮೀನಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣ ಸಲ್ಲುವುದಿಲ್ಲ ಎಂಬ ಟೀಕೆಯೂ ನ್ಯಾಯವಾದದ್ದೇ. ಇನ್ನೊಂದು ಅವಲಂಬನೆ ಕಡಲಾಚೆಯದು: ಜಗತ್ತಿನ ಸೌರ ಫಲಕ ತಯಾರಿಕೆಯ ಎಲ್ಲ ಹಂತಗಳಲ್ಲೂ ಚೀನಾದ ಪಾಲು ಶೇ 80ಕ್ಕೂ ಹೆಚ್ಚೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2022ರಲ್ಲಿ ಹೇಳಿತು. ಅದೇ ವರ್ಷ ಭಾರತ ಆಮದು ಫಲಕಗಳಿಗೆ ಶೇ 40 ಸುಂಕ ಹಾಕಿತು. ಒಮ್ಮೆ ಕೊಂಡ ಫಲಕ ಇಪ್ಪತ್ತೈದು ವರ್ಷ ದುಡಿಯುವುದರಿಂದ ಇದು ತೈಲದ ಹಂಗಿನಷ್ಟು ಅಪಾಯಕಾರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಿಜವಾದ ತೊಡಕು ಸಂಜೆ ಆರರ ಮೇಲಿನದು. ಹೊತ್ತು ಮುಳುಗಿದರೆ ಪಾವಗಡ ಸುಮ್ಮನಾಗುತ್ತದೆ. ಮೈಸೂರಿನ ಮನೆಗಳಲ್ಲಿ ದೀಪ, ಟಿವಿ, ಫ್ಯಾನು ಶುರುವಾಗುವುದು ಆಗಲೇ.

ಈ ಸಂಜೆಗಾಗಿ ರಾಜ್ಯ ಮುಂದಿಟ್ಟಿರುವ ದೊಡ್ಡ ಉತ್ತರ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಹಗಲಿನ ಅಗ್ಗದ ವಿದ್ಯುತ್ತಿನಿಂದ ಗೇರುಸೊಪ್ಪದ ನೀರನ್ನು ತಲಕಳಲೆಗೆ ಎತ್ತಿ, ಸಂಜೆ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವ ಲೆಕ್ಕ. ತಂತ್ರವಾಗಿ ಇದು ಕನ್ನಂಬಾಡಿಯ ತರ್ಕವೇ. ಋತುವಿನಿಂದ ಋತುವಿಗೆ ಕೂಡಿಡುತ್ತಿದ್ದುದನ್ನು ಹಗಲಿನಿಂದ ಸಂಜೆಗೆ ಕೂಡಿಡುವುದು. ಆದರೆ ಜಾಗ ಸಿಂಗಳೀಕಗಳ ಅಭಯಾರಣ್ಯ. ಲಿಂಗನಮಕ್ಕಿ ಜಲಾಶಯಕ್ಕೆ ಊರು ಕಳೆದುಕೊಂಡವರ ಮಕ್ಕಳು ಇಂದಿಗೂ ಜಮೀನಿನ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಕಣಿವೆಗೆ ಮತ್ತೊಂದು ಯೋಜನೆ ಹೇರುವ ಮುನ್ನ, ಸಂಜೆಯ ಬೇಡಿಕೆಯನ್ನೇ ಹಗಲಿಗೆ ಸರಿಸಲು ಎಷ್ಟು ಸಾಧ್ಯ ಎಂದು ಲೆಕ್ಕ ಹಾಕುವುದು ಸರಿಯಾದ ಕ್ರಮ.

ಆ ಲೆಕ್ಕ ಶುರುವಾಗಬೇಕಾದದ್ದು ಮೈಸೂರಿನಲ್ಲೇ ಪ್ರಧಾನ ಕಚೇರಿ ಇರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಲ್ಲಿ, ಜನರ ಬಾಯಲ್ಲಿ ಸೆಸ್ಕ್. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಅದರ ವ್ಯಾಪ್ತಿ. ಕಬ್ಬಿನ ಗದ್ದೆಯಲ್ಲಿ ಚಿರತೆ, ಕಾಡಂಚಿನಲ್ಲಿ ಆನೆ ಇರುವ ಈ ಜಿಲ್ಲೆಗಳ ರೈತರು ‘ರಾತ್ರಿ ಕರೆಂಟು ಬೇಡ, ಹಗಲು ಕೊಡಿ’ ಎಂದು ಕೇಳುತ್ತಲೇ ಬಂದಿದ್ದಾರೆ. ರಾಜ್ಯದ ವಿದ್ಯುತ್ತಿನಲ್ಲಿ ಮೂರನೇ ಒಂದು ಭಾಗದಷ್ಟು ಪಂಪ್‌ಸೆಟ್ಟುಗಳಿಗೆ ಹೋಗುವುದರಿಂದ, ಕುಸುಮ್ ಯೋಜನೆಯಡಿ ಕೃಷಿ ಫೀಡರುಗಳಿಗೆ ಸೌರಘಟಕ ಜೋಡಿಸಿದರೆ ರೈತನ ಬೇಡಿಕೆ ಬಿಸಿಲಿನ ಹೊತ್ತಿಗೇ ಹೊಂದಿಕೊಳ್ಳುತ್ತದೆ. ಬ್ಯಾಟರಿಯೂ ಬೇಡ, ಕಣಿವೆಯೂ ಬೇಡ. ಪಂಪ್ ಮೇಲೆತ್ತಿದ ನೀರು ಹೊಂಡದಲ್ಲಿ ನಿಂತರೆ ಅದೇ ಸಂಗ್ರಹ.

ನಗರದ ಮಟ್ಟಿಗೆ ನೀತಿಗಳೇ ಪರಸ್ಪರ ಎಳೆದಾಡುತ್ತಿವೆ. ಕೇಂದ್ರದ 2023ರ ನಿಯಮ ಬಿಸಿಲಿನ ಹೊತ್ತಿನ ದರ ಕನಿಷ್ಠ ಶೇ 20 ಕಡಿಮೆಯಿರಲಿ, ಉತ್ತುಂಗದ ಹೊತ್ತಿನದು ಹೆಚ್ಚಿರಲಿ ಎನ್ನುತ್ತದೆ. 2024ರ ಸೂರ್ಯಘರ್ ಯೋಜನೆ ಮಹಡಿಯ ಮೇಲೆ ಫಲಕ ಹಾಕಿದರೆ 78,000 ರೂಪಾಯಿವರೆಗೆ ಸಹಾಯಧನ ಕೊಡುತ್ತದೆ. 2023ರಿಂದ ರಾಜ್ಯದ ಗೃಹಜ್ಯೋತಿ ಯೋಜನೆ 200 ಯೂನಿಟ್‌ವರೆಗೆ ಬಿಲ್ಲನ್ನೇ ಸೊನ್ನೆ ಮಾಡಿದೆ. ಬಡ ಮನೆಗೆ ಅದು ದೊಡ್ಡ ಆಸರೆ, ಸಂದೇಹವಿಲ್ಲ. ಆದರೆ ಸೊನ್ನೆ ಬಿಲ್ಲಿನ ಗ್ರಾಹಕನಿಗೆ ಮಧ್ಯಾಹ್ನದ ಯೂನಿಟ್ಟೂ ಒಂದೇ, ಸಂಜೆ ಏಳರ ಯೂನಿಟ್ಟೂ ಒಂದೇ. ಫಲಕ ಹಾಕಿಸಲು ಅವನಿಗೆ ಕಾರಣವೂ ಉಳಿಯುವುದಿಲ್ಲ. ಗೃಹಜ್ಯೋತಿಗೆ ಪ್ರತಿವರ್ಷ ತುಂಬಿಕೊಡುವ ಹಣದ ಒಂದಂಶವನ್ನು ಅದೇ ಮನೆಗಳ ಮಹಡಿಗೆ ಫಲಕವಾಗಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಸೆಸ್ಕ್ ವ್ಯಾಪ್ತಿಯ ಒಂದೆರಡು ಬಡಾವಣೆಗಳಲ್ಲಿ ಅಳೆದು ನೋಡಬಹುದು. ಹೆಬ್ಬಾಳ, ಹೂಟಗಳ್ಳಿಯ ಕೈಗಾರಿಕೆಗಳು ಸಮಯಾಧಾರಿತ ದರಕ್ಕೆ ಹೇಗೆ ಹೊಂದಿಕೊಂಡವು ಎಂಬುದಕ್ಕೆ ಉತ್ತರ ಅವುಗಳ ಮೀಟರುಗಳಲ್ಲೇ ಇದೆ. ಫೀಡರುವಾರು, ಗಂಟೆವಾರು ಆ ಅಂಕಿಗಳನ್ನು ಸಂಶೋಧಕರಿಗೆ ತೆರೆದಿಡುವಂತೆ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಆದೇಶಿಸಿದರೆ ಶರಾವತಿಯಲ್ಲಿ ಎಷ್ಟು ಮೆಗಾವಾಟ್ ನಿಜಕ್ಕೂ ಬೇಕು ಎಂಬ ಪ್ರಶ್ನೆಗೆ ಲೆಕ್ಕದ ಉತ್ತರ ಸಿಗುತ್ತದೆ.