ಅಂಧರಿಗೆ ಅಕ್ಷರವಿತ್ತ ಲೂಯಿ ಬ್ರೇಲ್

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೂರದ ಫ್ರಾನ್ಸ್ ದೇಶದ ಅಂಧ ವಿಶ್ವಾಸಿಯೊಬ್ಬರನ್ನು ನೆನೆಯುವುದು ಅಪ್ರಸ್ತುತವಲ್ಲವೆಂದು ಭಾವಿಸುತ್ತೇವೆ. ಅವರ ವಿದ್ಯೆಗೆ ಮೊದಲು ಆಸರೆಯಾದವರು ಒಂದು ಹಳ್ಳಿಯ ಧರ್ಮಕೇಂದ್ರದ ಗುರುಗಳೇ.

ಲೂಯಿ ಬ್ರೇಲ್ 1809ರ ಜನವರಿ 4ರಂದು ಪ್ಯಾರಿಸ್ ಸಮೀಪದ ಕೂವ್ರೆ ಗ್ರಾಮದಲ್ಲಿ ಜನಿಸಿದರು. ತಂದೆ ಕುದುರೆಗಳ ಜೀನು ಮಾಡುವವರು. ಮೂರರ ಪ್ರಾಯದಲ್ಲಿ ತಂದೆಯ ಕೆಲಸದ ಕೊಠಡಿಯಲ್ಲಿ ಆಡುತ್ತಿದ್ದಾಗ ಹರಿತವಾದ ಉಪಕರಣವೊಂದು ಕಣ್ಣಿಗೆ ನಾಟಿತು. ಬೇನೆ ಇನ್ನೊಂದು ಕಣ್ಣಿಗೂ ತಗುಲಿ ದೃಷ್ಟಿ ನಂದಿಹೋಯಿತು. ಅಂದು ಬಡ ಅಂಧರ ಪಾಲಿಗೆ ಉಳಿದಿದ್ದುದು ಬಹುಮಟ್ಟಿಗೆ ಭಿಕ್ಷಾಪಾತ್ರೆಯೇ. ಆದರೆ ಊರಿನ ಗುರುಗಳಾದ ಸ್ವಾಮಿ ಜಾಕ್ ಪಾಲ್ಯುಯಿ ಬಾಲಕನಿಗೆ ತಾವೇ ಪಾಠ ಹೇಳಿದರು. ಕಣ್ಣುಳ್ಳ ಮಕ್ಕಳೊಂದಿಗೆ ಶಾಲೆಯಲ್ಲಿ ಕುಳ್ಳಿರಿಸಲು ಉಪಾಧ್ಯಾಯರನ್ನು ಒಪ್ಪಿಸಿದರು. 1819ರಲ್ಲಿ ಲೂಯಿ ಪ್ಯಾರಿಸ್ಸಿನ ಅಂಧರ ವಿದ್ಯಾಲಯವನ್ನು ಸೇರಿದರು.

ಅಲ್ಲಿದ್ದುದು ಉಬ್ಬಚ್ಚಿನ ದೊಡ್ಡ ಅಕ್ಷರಗಳ ಕೆಲವು ಭಾರವಾದ ಗ್ರಂಥಗಳು. ಅವನ್ನು ತಡವಿ ನಿಧಾನವಾಗಿ ಓದಬಹುದಿತ್ತು. ಆ ಕ್ರಮದಲ್ಲಿ ಬರೆಯುವುದು ದುಸ್ತರವಾಗಿತ್ತು. 1821ರಲ್ಲಿ ಸೈನ್ಯದಲ್ಲಿದ್ದ ಬಾರ್ಬಿಯೆ ಎಂಬವರ ಹನ್ನೆರಡು ಚುಕ್ಕೆಗಳ ಲಿಪಿ ಶಾಲೆಗೆ ಬಂದಿತು. ಅದರ ಗುರುತು ಒಂದು ಬೆರಳ ತುದಿಯಲ್ಲಿ ಅಡಗುತ್ತಿರಲಿಲ್ಲ. ಲೂಯಿ ಅದನ್ನು ಆರು ಚುಕ್ಕೆಗಳಿಗೆ ಇಳಿಸಿ, 1824ರಲ್ಲಿ, ಹದಿನೈದರ ಹರೆಯದಲ್ಲಿ, ಹೊಸ ಲಿಪಿಯನ್ನು ರೂಪಿಸಿದರು. 1829ರಲ್ಲಿ ಅದು ಗ್ರಂಥರೂಪದಲ್ಲಿ ಪ್ರಕಟವಾಯಿತು. ಆ ಆರು ಚುಕ್ಕೆಗಳಿಂದ 63 ಗುರುತುಗಳು. ಅಕ್ಷರ, ಅಂಕಿ, ಸಂಗೀತದ ಸ್ವರ ಎಲ್ಲವೂ ಅದರಲ್ಲಿ ಸೇರಿದವು.

ಅದೇ ಶಾಲೆಯಲ್ಲಿ ಅವರು ಅಧ್ಯಾಪಕರಾದರು. ಪ್ಯಾರಿಸ್ಸಿನ ದೇವಾಲಯಗಳಲ್ಲಿ ಆರ್ಗನ್ ನುಡಿಸಿದರು. ಆದರೂ 1840ರ ದಶಕದ ಆದಿಯಲ್ಲಿ ಶಾಲೆಯ ಆಡಳಿತವೇ ಆ ಲಿಪಿಯನ್ನು ನಿಷೇಧಿಸಿತು. ವಿದ್ಯಾರ್ಥಿಗಳು ಗುಟ್ಟಾಗಿ ಅದನ್ನು ಉಳಿಸಿಕೊಂಡರು. ಕ್ಷಯರೋಗದಿಂದ 1852ರ ಜನವರಿ 6ರಂದು ಬ್ರೇಲ್ ತೀರಿಕೊಂಡರು. ಫ್ರಾನ್ಸ್ ಆ ಲಿಪಿಗೆ ಅಧಿಕೃತ ಮನ್ನಣೆ ನೀಡಿದ್ದು 1854ರಲ್ಲಿ. 1951ರಲ್ಲಿ ಭಾರತೀಯ ಭಾಷೆಗಳಿಗೆ ಸಮಾನವಾದ ಭಾರತಿ ಬ್ರೇಲ್ ಅಂಗೀಕೃತವಾಯಿತು. ಇಂದು ನಮ್ಮ ಕನ್ನಡವೂ ಆ ಆರು ಚುಕ್ಕೆಗಳಲ್ಲೇ ಅರಳುತ್ತಿದೆ.

ಪ್ರಿಯ ವಿಶ್ವಾಸಿಗಳೇ, ದೇವಾಲಯದ ಬಾಗಿಲಲ್ಲಿ ಕುಳಿತ ಅಂಧನ ತಟ್ಟೆಗೆ ನಾಣ್ಯ ಹಾಕಿ ಕರ್ತವ್ಯ ಮುಗಿಯಿತೆಂದು ನಾವೂ ಎಷ್ಟೋ ಸಲ ಒಳಗೆ ನಡೆದಿದ್ದೇವೆ. ಬಾರ್ತಿಮಾಯನನ್ನು ಜನರು ಗದರಿಸಿದಾಗ ಪ್ರಭು ನಿಂತರು, ಹತ್ತಿರಕ್ಕೆ ಕರೆಸಿದರು, ಅವನಿಗೆ ಬೇಕಾದುದೇನೆಂದು ಅವನನ್ನೇ ಕೇಳಿದರು. ಬ್ರೇಲ್ ತಮ್ಮ ಸಹೋದರರಿಗೆ ಕೊಟ್ಟದ್ದು ಭಿಕ್ಷೆಯನ್ನಲ್ಲ, ಸ್ವಂತ ಕೈಯಿಂದ ಬರೆಯುವ ಶಕ್ತಿಯನ್ನು. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮ ದೇವಾಲಯದಲ್ಲಿ ಅಂಧ ಸಹೋದರನೊಬ್ಬ ವಾಚನಪೀಠದ ಮುಂದೆ ನಿಂತು, ಬೆರಳಾಡಿಸುತ್ತ ದೇವರ ವಾಕ್ಯವನ್ನು ನಮಗೆ ಓದಿ ಹೇಳುವ ಭಾನುವಾರ ಬೇಗ ಬರಲಿ ಎಂದು ಪ್ರಾರ್ಥಿಸುತ್ತೇವೆ.