ಹಾಲು ಕರೆಯುವ ಕೈಯ ಚರಿತ್ರೆ



ಮನೆಯಲ್ಲಿ ದಿನಾ ಹಸು ಕರೆಯುವ ಅಮ್ಮ ಹಬ್ಬಕ್ಕೆಂದು ನಾಲ್ಕು ದಿನ ತವರಿಗೆ ಹೋದರೆಂದು ಇಟ್ಟುಕೊಳ್ಳಿ. ಮಗ ಚೆಂಬು ಹಿಡಿದು ಕೊಟ್ಟಿಗೆಗೆ ಹೋಗುತ್ತಾನೆ. ಹುಲ್ಲು ಅದೇ, ಹಿಂಡಿ ಅದೇ, ಹಸುವೂ ಅದೇ. ಆದರೆ ನಾಲ್ಕು ಲೀಟರು ಬರುತ್ತಿದ್ದ ಹಾಲು ಎರಡೂವರೆಗೆ ಇಳಿಯುತ್ತದೆ. ಹಸುವಿಗೆ ದೃಷ್ಟಿ ಆಗಿದೆ ಅಂತ ಅಜ್ಜಿ. ಹಿಂಡಿಯಲ್ಲಿ ಕಲಬೆರಕೆ ಅಂತ ಯಜಮಾನರು. ದೃಷ್ಟಿ ತೆಗೆದದ್ದೂ ಆಯಿತು, ಅಂಗಡಿಯವನ ಮೇಲೆ ಕೂಗಾಡಿದ್ದೂ ಆಯಿತು. ಅಮ್ಮ ಮರಳಿ ಬಂದು ಮೂರು ದಿನಕ್ಕೆ ಹಾಲು ಮೊದಲಿನಂತೆ!

ಇದು ನೀವೆಲ್ಲ ಕಂಡ ಸಂಗತಿಯೇ. ಆದರೆ ಇದರ ಕಾರಣವನ್ನು ವಿದ್ಯಾವಂತರು ಸರಿಯಾಗಿ ತಿಳಿದುಕೊಂಡದ್ದು 1941ರಷ್ಟು ಈಚೆಗೆ. ಅದಕ್ಕೆ ಮುಂಚೆ ಈ ಗುಟ್ಟನ್ನು ಕೈಯಲ್ಲಿ ಇಟ್ಟುಕೊಂಡಿದ್ದವರು ಹಾಲು ಕರೆಯುವವರು. ಅವರ ಕೆಲಸದ ಕಥೆಯನ್ನು ಇಂದು ಹೇಳುತ್ತೇನೆ.

ನಮ್ಮ ದೇಶದಲ್ಲಿ ಹಸುಗಳನ್ನು ಸಾಲಾಗಿ ಕಟ್ಟಿ, ಪ್ರತಿಯೊಂದಕ್ಕೂ ನಂಬರು ಕೊಟ್ಟು, ಹಾಲನ್ನು ತೂಗಿ ಬರೆದಿಡುವ ಪದ್ಧತಿ ಬಂದದ್ದು ದಂಡಿನ ಡೇರಿಗಳಿಂದ. ಬ್ರಿಟಿಷ್ ಸೈನಿಕರಿಗೆ ಹಾಲು ಬೆಣ್ಣೆ ಒದಗಿಸುವುದಕ್ಕೆ 1889ರಲ್ಲಿ ಅಲಹಾಬಾದಿನಲ್ಲಿ ಮೊದಲ ಮಿಲಿಟರಿ ಡೇರಿ ಫಾರಂ ಆಯಿತು. ಬೆಂಗಳೂರಿನ ದಂಡಿಗೂ ಅಂಥದೊಂದು ಬಂತು. 1923ರಲ್ಲಿ ಸರ್ಕಾರ ಅದನ್ನು ಸೈನ್ಯದ ಕೈಯಿಂದ ಬಿಡಿಸಿ, ಪಶುಪಾಲನೆ ಮತ್ತು ಹೈನದ ವಿದ್ಯೆ ಕಲಿಸುವ ಇಂಪೀರಿಯಲ್ ಸಂಸ್ಥೆಯನ್ನಾಗಿ ಮಾಡಿತು. ಹೊಸೂರು ರಸ್ತೆಯ ಆಡುಗೋಡಿಯ ಕಡೆ ಹೋದವರು ಆ ಜಾಗವನ್ನು ನೋಡಿರಬಹುದು. 1955ರಲ್ಲಿ ಮುಖ್ಯ ಕಚೇರಿ ಕರ್ನಾಲಿಗೆ ಹೋಗಿ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆ ಎನಿಸಿತು. ಬೆಂಗಳೂರಿನದು ಅದರ ದಕ್ಷಿಣದ ಕೇಂದ್ರವಾಗಿ ಉಳಿಯಿತು. ಕೆಂಪು ಸಿಂಧಿ ತಳಿಯ ಹಸುಗಳನ್ನೂ, ವಿಲಾಯಿತಿ ಏರ್‌ಷೈರ್ ಹೋರಿಗಳಿಂದ ಪಡೆದ ಮಿಶ್ರತಳಿಗಳನ್ನೂ ಅಲ್ಲಿ ಸಾಕಿ ಲೆಕ್ಕ ಇಟ್ಟರು. ಇಂಡಿಯನ್ ಡೇರಿ ಡಿಪ್ಲೊಮಾ ಓದುವ ಹುಡುಗರು ಅಲ್ಲಿ ಕಲಿತರು.

ಇಂಥ ಫಾರಮ್ಮಿನಲ್ಲಿ ಹಾಲು ಕರೆಯುವವನ ಕೆಲಸ ಹಳ್ಳಿಯ ಕೆಲಸದಂಥದಲ್ಲ. ನಮ್ಮಲ್ಲಿ ಕರುವನ್ನು ಬಿಟ್ಟು, ಅದು ನಾಲ್ಕು ಗುಟುಕು ಕುಡಿದ ಮೇಲೆ ಎಳೆದು ಕಟ್ಟಿ ಕರೆಯುತ್ತೇವೆ. ಕರುವಿನ ಹೊಟ್ಟೆಗೆ ಎಷ್ಟು ಹೋಯಿತು ಎಂದು ಯಾರು ತೂಗಿದ್ದಾರೆ? ಸಂಶೋಧನೆಗೆ ಆ ಲೆಕ್ಕ ನಡೆಯದು. ಆದ್ದರಿಂದ ಕರುವನ್ನು ಹುಟ್ಟಿದೊಡನೆ ಬೇರೆ ಮಾಡಿ ಸಾಕುವ ಪದ್ಧತಿ ಬಂತು. ಆಗ ಹಸುವಿನ ಮುಂದೆ ಕರುವಿನ ಸ್ಥಾನದಲ್ಲಿ ನಿಲ್ಲಬೇಕಾದವನು ಯಾರು? ಕರೆಯುವವನೇ. ಬೆಳಗಿನ ಜಾವ ಎದ್ದು, ಕೈ ತೊಳೆದು, ಹತ್ತು ಹನ್ನೆರಡು ಹಸುಗಳ ಕೆಚ್ಚಲನ್ನು ಒಂದೊಂದಾಗಿ ತೊಳೆದು ಒರೆಸಿ, ಒಂದೊಂದೂ ತನ್ನನ್ನು ನಂಬಿ ಹಾಲು ಇಳಿಸುವಂತೆ ಮಾಡಬೇಕು. ಸಂಜೆಗೆ ಮತ್ತೆ ಅದೇ. ಭಾನುವಾರವಿಲ್ಲ, ದೀಪಾವಳಿಯಿಲ್ಲ. ವರ್ಷಗಟ್ಟಲೆ ಕರೆದವರ ಬೆರಳಿನ ಗಿಣ್ಣುಗಳನ್ನು ನೋಡಿದರೆ ಗೊತ್ತಾಗುತ್ತದೆ, ಆ ಸಂಬಳ ಎಲ್ಲಿಂದ ಬಂದದ್ದು ಎಂದು.

1927ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನ ಆ ಸಂಸ್ಥೆಗೆ ಒಬ್ಬ ವಿಶೇಷ ವಿದ್ಯಾರ್ಥಿ ಬಂದರು. ಮಹಾತ್ಮಾ ಗಾಂಧಿಯವರು. ಆರೋಗ್ಯ ಸುಧಾರಣೆಗೆಂದು ಅವರು ಆಗ ಕುಮಾರಕೃಪಾದಲ್ಲಿ ತಂಗಿದ್ದರು. ಗೋಸೇವೆ ಮಾತಿನಲ್ಲಿ ನಿಂತರೆ ಸಾಲದು, ಹಸು ಸಾಕುವ ಶಾಸ್ತ್ರ ಕಲಿಯಬೇಕೆಂದು ಬಂದು, ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದರು. ಅದು ಅವರ ಸ್ವಭಾವ.

ಇದರಲ್ಲಿ ಒಂದು ಸೋಜಿಗವುಂಟು. ಹಸುವಿನ ಸಾಕಣೆ ಕಲಿಯಲು ಬಂದ ಈ ಮನುಷ್ಯ ಹಸುವಿನ ಹಾಲನ್ನೇ ಕುಡಿಯುತ್ತಿರಲಿಲ್ಲ! ದಕ್ಷಿಣ ಆಫ್ರಿಕದಲ್ಲಿದ್ದಾಗ 1912ರಲ್ಲೇ ಹಾಲು ಬಿಟ್ಟವರು. ಆಮೇಲೆ ಕಾಯಿಲೆ ಬಿದ್ದು, ಕಸ್ತೂರಬಾ ಹೇಳಿದ ಮೇಲೆ, ಮೇಕೆಯ ಹಾಲಿಗೆ ಒಪ್ಪಿದರು. ಹಸು ಎಮ್ಮೆಗಳ ಹಾಲಿನ ಮೇಲೆ ಅವರಿಗೆ ಜುಗುಪ್ಸೆ ಹುಟ್ಟಿಸಿದ ಕಾರಣಗಳಲ್ಲಿ ಒಂದು ‘ಫೂಕಾ’ ಎಂಬ ಕ್ರೂರ ಪದ್ಧತಿ. ಹಸು ಹಾಲು ಇಳಿಸದಿದ್ದರೆ ಕೊಳವೆಯಿಂದ ಅದರ ಗುಹ್ಯಭಾಗಕ್ಕೆ ಗಾಳಿ ಊದಿ ಹಾಲು ಹಿಂಡುತ್ತಿದ್ದರು. ಕಲ್ಕತ್ತದಂಥ ಪಟ್ಟಣಗಳಲ್ಲಿ ಇದು ನಡೆಯುತ್ತಿತ್ತು. ಕೇಳುವುದಕ್ಕೇ ಅಸಹ್ಯ, ಅಲ್ಲವೇ? ಆದರೂ ಹೇಳಬೇಕಾಯಿತು, ಏಕೆಂದರೆ ಹಸು ಹಾಲು ‘ಕೊಡುವುದಕ್ಕೂ’ ನಾವು ‘ಕಿತ್ತುಕೊಳ್ಳುವುದಕ್ಕೂ’ ಇರುವ ವ್ಯತ್ಯಾಸ ಇಲ್ಲೇ ಇದೆ.

ಆ ವ್ಯತ್ಯಾಸವನ್ನು ಶಾಸ್ತ್ರೀಯವಾಗಿ ತೋರಿಸಿದವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಪೀಟರ್ಸನ್ ಮತ್ತು ಈಲಿ. 1941ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಗಳು ಮಕ್ಕಳ ಆಟದಂತೆ ಕಾಣುತ್ತವೆ. ಕರೆಯುವ ಹೊತ್ತಿಗೆ ಹಸುವಿನ ಬೆನ್ನ ಮೇಲೆ ಬೆಕ್ಕು ಕೂರಿಸಿದರು. ಪಕ್ಕದಲ್ಲಿ ಕಾಗದದ ಚೀಲ ಊದಿ ಪಟ್ಟೆಂದು ಒಡೆದರು. ಹೆದರಿದ ಹಸು ಹಾಲು ಹಿಡಿದುಕೊಂಡಿತು. ಇನ್ನೊಂದು ಪರೀಕ್ಷೆಯಲ್ಲಿ ಅರ್ಧ ಕೆಚ್ಚಲಿಗೆ ಹೋಗುವ ನರ ಕತ್ತರಿಸಿದರೂ ಆ ಅರ್ಧವೂ ಹಾಲು ಇಳಿಸಿತು. ಅಂದಮೇಲೆ ಅಪ್ಪಣೆ ಬರುತ್ತಿದ್ದದ್ದು ನರದಿಂದಲ್ಲ, ರಕ್ತದಿಂದ! ಕೆಚ್ಚಲನ್ನು ತೊಳೆದು ಸವರಿದಾಗ ಸುದ್ದಿ ಮಿದುಳಿಗೆ ಹೋಗುತ್ತದೆ. ಅದರ ಬುಡದ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕಿಳಿದು, ಹೆಚ್ಚು ಕಡಿಮೆ ಒಂದು ನಿಮಿಷದಲ್ಲಿ ಕೆಚ್ಚಲು ಮುಟ್ಟಿ, ಒಳಗಿನ ಸಣ್ಣ ಹಾಲಿನ ಚೀಲಗಳನ್ನು ಹಿಂಡುತ್ತದೆ. ಮೊಲೆ ಬಿರುಸಾಗುತ್ತದೆ. ಹಸು ‘ಸೊರೆ ಬಿಟ್ಟಿತು’ ಎನ್ನುತ್ತೇವಲ್ಲ, ಅದು ಇದೇ. ಈ ರಸದ ಜೋರು ಐದಾರು ನಿಮಿಷ ಮಾತ್ರ. ಅಷ್ಟರಲ್ಲಿ ಕರೆದು ಮುಗಿಸದಿದ್ದರೆ ಉಳಿದ ಹಾಲು ಒಳಗೇ ನಿಲ್ಲುತ್ತದೆ. ನಿಲ್ಲುವುದು ಕೊನೆಯ ಹಾಲು. ಜಿಡ್ಡು ಹೆಚ್ಚಿರುವುದೂ ಅದರಲ್ಲೇ. ಡೇರಿಯಲ್ಲಿ ಫ್ಯಾಟು ಕಡಿಮೆ ಬಂತೆಂದು ಕಾರ್ಯದರ್ಶಿಯ ಹತ್ತಿರ ಜಗಳಕ್ಕೆ ಹೋಗುವ ಮೊದಲು ಇದನ್ನು ಸ್ವಲ್ಪ ಯೋಚಿಸಿ.

ಹಸು ಹೆದರಿದರೆ, ಏಟು ತಿಂದರೆ, ನಾಯಿ ಬೊಗಳಿದರೆ, ಬೇರೊಂದು ರಸ ರಕ್ತಕ್ಕೆ ಬಂದು ಈ ಕೆಲಸವನ್ನೇ ತಡೆಯುತ್ತದೆ. ಹಾಲು ಕರೆಯುವ ಹೊತ್ತಿಗೆ ಗದ್ದಲ ಬೇಡ ಎಂದು ನಮ್ಮ ಹಿರಿಯರು ಅಂದದ್ದು ಸುಮ್ಮನೆ ಅಲ್ಲ.

ಇನ್ನು ನನ್ನದೇ ಒಂದು ಮಾತು ಹೇಳಿಬಿಡುತ್ತೇನೆ. ಡಿಪ್ಲೊಮಾ ಓದುವಾಗ ಒಂದು ಫಾರಮ್ಮಿನಲ್ಲಿ ನಮ್ಮನ್ನು ಹಾಲು ಕರೆಯಲು ಹಾಕಿದ್ದರು. ಅಲ್ಲಿ ಒಬ್ಬ ಹಿರಿಯ ಮಿಲ್ಕರ್ ಇದ್ದರು. ನಾವು ಅಣ್ಣ ಅನ್ನುತ್ತಿದ್ದೆವು. ಅವರು ಮಗಳ ಮದುವೆಗೆ ರಜ ಹಾಕಿದಾಗ ಅವರ ಹಸುಗಳು ನಮ್ಮ ಪಾಲಿಗೆ ಬಂದವು. ನಾನು ಮನೆಯಲ್ಲಿ ಕಲಿತಂತೆ ಹೆಬ್ಬೆರಳು ಮಡಿಸಿ, ಗಿಣ್ಣು ಒತ್ತಿ ಎಳೆಯುತ್ತಿದ್ದೆ. ಜಾರಲಿ ಎಂದು ಹಾಲಿನಲ್ಲೇ ಬೆರಳು ಅದ್ದುತ್ತಿದ್ದೆ. ಅವರು ನಾಲ್ಕು ಬೆರಳಿನ ತುಂಬು ಮುಷ್ಟಿಯಲ್ಲಿ, ಒಣ ಕೈಯಿಂದ ಕರೆಯುವವರು. ಒಂದು ಹಸು ಒದೆಯತೊಡಗಿತು; ನಾನು ಕಾಲು ಕಟ್ಟಿದೆ. ಒಂಬತ್ತು ಲೀಟರಿನ ಹಸು ಎರಡು ವಾರದಲ್ಲಿ ಐದಕ್ಕೆ ಬಂತು. ಪುಸ್ತಕದಲ್ಲಿ ಹಸುವಿನ ನಂಬರು, ಬೆಳಿಗ್ಗೆ, ಸಂಜೆ ಎಂದು ಮೂರು ಅಂಕಣ. ಕರೆದವರು ಯಾರು ಎಂಬ ಅಂಕಣವೇ ಇಲ್ಲ. ಆದ್ದರಿಂದ ತಪ್ಪು ಹಸುವಿನ ಮೇಲೆ ಬಂತು. ಹರಾಜಿನ ಪಟ್ಟಿಗೆ ಅದರ ನಂಬರು ಸೇರಿತು. ನಾನು ಬಾಯಿ ಬಿಡಲಿಲ್ಲ.

ಅಣ್ಣ ಬಂದವರೇ ಕೆಚ್ಚಲು ಮುಟ್ಟಿ ನೋಡಿ, “ಹಸು ಕೆಟ್ಟಿಲ್ಲ ಸಾರ್, ಕೈ ಬದ್ಲಾಗದೆ ಅಷ್ಟೇ. ನಾಕು ದಿನ ಬುಡಿ ನಂಗೆ” ಅಂದರು. ಅಧಿಕಾರಿಗಳು ಒಪ್ಪಿದರು. ಹಗ್ಗ ಬಿಚ್ಚಿದರು, ಮೊದಲ ದಿನ ಬರೀ ಸವರಿ, ಮಾತಾಡಿಸಿ, ಬಂದಷ್ಟು ಕರೆದರು. ನಾಲ್ಕನೆಯ ದಿನ ಏಳು ಲೀಟರು ದಾಟಿತು, ಪಟ್ಟಿಯಿಂದ ನಂಬರು ಹೊಡೆದುಹಾಕಿದರು. ಆದರೆ ಒಂಬತ್ತಕ್ಕೆ ಅದು ಮತ್ತೆ ಹೋಗಲಿಲ್ಲ. ಬಲಗಡೆ ಹಿಂದಿನ ಮೊಲೆಯಲ್ಲಿ ಹಾಲು ನಿಂತು ಕೆಚ್ಚಲು ಬಾವು ಆಗಿತ್ತು. ಔಷಧ ಕೊಟ್ಟರೂ ಆ ಮೊಲೆ ಬತ್ತಿತು. ಅದು ನನ್ನ ಕೈಯ ಲೆಕ್ಕ. ಅಣ್ಣ ನನ್ನನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಮುಷ್ಟಿ ಹಿಡಿಯುವುದು ಕಲಿಸಿದರು.

ನಮ್ಮ ನಾಟಿ ಹಸು, ಎಮ್ಮೆಗಳ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ವಿಲಾಯಿತಿ ಹಸುವಿನಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹಾಲು ಮೊದಲೇ ಕೆಳಗಿನ ಕುಳಿಗೆ ಇಳಿದಿರುತ್ತದೆ. ಎಮ್ಮೆಯಲ್ಲಿ ಅದು ಬಹಳ ಕಡಿಮೆ; ಬಹುಪಾಲು ಮೇಲೆಯೇ ನಿಂತು ಅಪ್ಪಣೆ ಕಾಯುತ್ತದೆ. ಆದ್ದರಿಂದ ಕರು ಸತ್ತ ಎಮ್ಮೆ ಹಾಲು ಹಿಡಿದುಕೊಂಡರೆ ಅದು ಹಟವಲ್ಲ. ಆಗ ಕೆಲವರು ಅಂಗಡಿಯಿಂದ ಆಕ್ಸಿಟೋಸಿನ್ ಸೂಜಿಮದ್ದು ತಂದು ದಿನಾ ಚುಚ್ಚುತ್ತಾರೆ. ಫೂಕಾವನ್ನೂ, ಹಾಲಿಗಾಗಿ ಪ್ರಾಣಿಗೆ ಹಾನಿಯಾಗುವಂತೆ ಚುಚ್ಚುವ ಮದ್ದನ್ನೂ 1960ರ ಪ್ರಾಣಿಹಿಂಸೆ ತಡೆ ಕಾನೂನಿನ 12ನೆಯ ಕಲಮು ಒಂದೇ ಸಾಲಿನಲ್ಲಿ ಇಟ್ಟು ಅಪರಾಧ ಎಂದಿದೆ. ಪಶುವೈದ್ಯರು ಕಾಯಿಲೆ ನೋಡಿ ಕೊಡುವುದು ಬೇರೆ.

ಮನೆಯಲ್ಲಿ ಒಬ್ಬರೇ ಕರೆಯುತ್ತಿದ್ದರೆ, ಹಸು ಈದ ಮೊದಲ ವಾರದಿಂದಲೇ ಇನ್ನೊಬ್ಬರನ್ನೂ ಜೊತೆಗೆ ಕೂರಿಸಿ. ಗಂಡುಮಕ್ಕಳೂ ಕಲಿಯಲಿ, ಅವಮಾನವೇನಿಲ್ಲ. ಮೇವು ಹಾಕುವುದೂ ಮೈ ತಿಕ್ಕುವುದೂ ಅವರದೇ ಆಗಿರಲಿ, ಹಸುವಿಗೆ ಕೈಯ ಪರಿಚಯವಾಗುತ್ತದೆ. ಮೊದಲ ನಾಲ್ಕು ಧಾರೆಯನ್ನು ಬೇರೆ ಲೋಟಕ್ಕೆ ಹಿಂಡಿ ನೋಡಿ. ಗಡ್ಡೆಯೋ ನೀರಿನಂಥದೋ ಕಂಡರೆ ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿ. ಹಾಲಿನ ಲೆಕ್ಕ ಬರೆಯುವ ಮನೆಯವರು ಕರೆದವರ ಹೆಸರಿಗೂ ಒಂದು ಅಂಕಣ ಎಳೆದುಕೊಳ್ಳಿ.