ಕಡತ, ಹಗೇವು, ಕೌದಿ: ನಮ್ಮ ಸೀಮೆಯ ಮಿತ ಬಾಳುವೆಯ ಚರಿತ್ರೆ

ನಮ್ಮ ಪ್ರೌಢಶಾಲೆಗೆ 50 ವರ್ಷ ತುಂಬಿದ ಸಂದರ್ಭದಲ್ಲಿ ಈ ಸೀಮೆಯ ಚರಿತ್ರೆಯನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿದರು. ಚರಿತ್ರೆ ಎಂದಕೂಡಲೇ ಕುರುಗೋಡಿನ ಸಿಂದರು, ದೊಡ್ಡಬಸವೇಶ್ವರ, ಬಳ್ಳಾರಿಯ ಕೋಟೆ, ಸಿರುಗುಪ್ಪದ ವಿಜಯನಗರ ಕಾಲದ ಕಾಲುವೆ ನೆನಪಾಗುತ್ತವೆ. ಅವುಗಳ ಬಗ್ಗೆ ಬಲ್ಲವರು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಕಲ್ಲಿನ ಮೇಲೆ ಯಾರೂ ಕೆತ್ತಿಸದ ಚರಿತ್ರೆ. ನಮ್ಮ ಹಿರಿಯರು ಬೇಕಾದುದರಲ್ಲಿ ಹೆಚ್ಚಿನದನ್ನು ತಾವೇ ಬೆಳೆದು, ಹೆಣೆದು, ಹೊಲಿದು, ಕೂಡಿಟ್ಟು ಬಾಳಿದ ಬಗೆ ಅದು.

ನಾನು ಈ ಶಾಲೆಯಲ್ಲಿ ಓದುತ್ತಿದ್ದಾಗ ಜೂನ್ ತಿಂಗಳ ಮೊದಲ ಶನಿವಾರ ಪಾಠ ಇರುತ್ತಿರಲಿಲ್ಲ, ಕರಿಹಲಗೆಗೆ ಕಪ್ಪು ಹಚ್ಚುವ ಕೆಲಸ ಇರುತ್ತಿತ್ತು. ಕೆಲವರು ಮನೆಯಿಂದ ಇದ್ದಿಲು ತರಬೇಕು, ಕೆಲವರು ಹಾಗಲಬಳ್ಳಿಯ ಎಲೆ ತರಬೇಕು. ಎರಡನ್ನೂ ನುಣ್ಣಗೆ ಅರೆದು, ಹಳೆಯ ಬಟ್ಟೆಯ ಉಂಡೆಯಲ್ಲಿ ಅದ್ದಿ ಹಲಗೆಗೆ ಬಳಿದು ಒಣಗಿಸಿದರೆ ಸೀಮೆಸುಣ್ಣದ ಅಕ್ಷರ ಹಿಂದಿನ ಬೆಂಚಿಗೂ ಕಾಣುತ್ತಿತ್ತು. ಶಾಲೆಗೆ ಒಂದು ಪೈಸೆಯೂ ಖರ್ಚಿಲ್ಲ. ಇದು ನಮ್ಮ ಮೇಷ್ಟ್ರು ಕಂಡುಹಿಡಿದ ಉಪಾಯವೆಂದೇ ನಾವು ನಂಬಿದ್ದೆವು. ಬಹಳ ವರ್ಷಗಳ ನಂತರ 1823ರ ಒಂದು ಸರ್ಕಾರಿ ಪತ್ರವನ್ನು ಓದಿದಾಗ ಅದು ಮೇಷ್ಟ್ರಿಗಿಂತ ಬಹಳ ಹಿರಿಯದೆಂದು ತಿಳಿಯಿತು.

ಮನೆಯಲ್ಲೇ ಮಾಡಿದ ಪಾಟಿ

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಹೀಗೆ ಕಂಪನಿಗೆ ಸೇರಿದ ಪ್ರದೇಶದ ಮುಖ್ಯ ಕಲೆಕ್ಟರಾಗಿ ಥಾಮಸ್ ಮನ್ರೋ 1807ರವರೆಗೆ ಇದ್ದರು. ಮುಂದೆ 1813ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನವರು ಅವರನ್ನು ಕರೆದು, ನಮ್ಮ ದೇಶದ ಸರಕು ಭಾರತದಲ್ಲಿ ಹೆಚ್ಚು ಮಾರಾಟವಾಗಬಹುದೇ ಎಂದು ಕೇಳಿದರು. ಮನ್ರೋ ಆಸೆ ಹುಟ್ಟಿಸುವ ಉತ್ತರ ಕೊಡಲಿಲ್ಲ. ಅಲ್ಲಿನ ಜನರ ನಡೆನುಡಿ ಒಂದು ಕಾರಣ, ಅದಕ್ಕಿಂತ ದೊಡ್ಡ ಕಾರಣ ಅವರು ತಾವೇ ತಯಾರಿಸುವ ವಸ್ತುಗಳ ಉತ್ತಮ ಗುಣ ಎಂದರು. ತಾವು ಒಂದು ಭಾರತೀಯ ಶಾಲನ್ನು ಏಳು ವರ್ಷ ಹೊದ್ದರೂ ಅದು ಹೆಚ್ಚೇನೂ ಸವೆದಿಲ್ಲವೆಂದು ಹೇಳಿದರು.

ಅದೇ ಮನ್ರೋ ಮದ್ರಾಸಿನ ಗವರ್ನರ್ ಆದಮೇಲೆ 1822ರಲ್ಲಿ, ಪ್ರತಿ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ ಎಂದು ಲೆಕ್ಕ ಕೇಳಿದರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದರು. ಆಗಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಅದರಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು ಇದ್ದರು. ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226. ಹೆಣ್ಣುಮಕ್ಕಳು ಕೇವಲ 60 ಮಂದಿ.

ಆ ಪತ್ರದಲ್ಲಿ ಕ್ಯಾಂಪ್‌ಬೆಲ್ ಮಕ್ಕಳು ಬರೆಯಲು ಕಲಿಯುತ್ತಿದ್ದ ರೀತಿಯನ್ನು ವಿವರವಾಗಿ ಬರೆದಿದ್ದಾರೆ. ಮೊದಲು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುವುದು. ಆಮೇಲೆ ಹಲಗೆ. ಸುಮಾರು ಒಂದು ಅಡಿ ಅಗಲ, ಮೂರು ಅಡಿ ಉದ್ದದ ಮರದ ಹಲಗೆಗೆ ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ಪಾಟಿ ಸಿದ್ಧ. ಇನ್ನೊಂದು ಬಗೆ ಕಡತ. ಬಟ್ಟೆಗೆ ಗಂಜಿ ಹಾಕಿ ಗಟ್ಟಿಮಾಡಿ, ಪುಸ್ತಕದಂತೆ ಮಡಿಚಿ, ಇದ್ದಿಲು ಮತ್ತು ಅಂಟು ಸೇರಿಸಿ ಕಪ್ಪು ಬಳಿಯುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆದು, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಬರೆಯುವುದು. ಇಷ್ಟು ಕಡಿಮೆ ಖರ್ಚಿನಲ್ಲಿ ಕಲಿಸುವ ಕ್ರಮವನ್ನೂ, ಮುಂದಿನ ಮಕ್ಕಳು ಹಿಂದಿನವರಿಗೆ ಹೇಳಿಕೊಡುವ ಪದ್ಧತಿಯನ್ನೂ ಕಲೆಕ್ಟರ್ ಮನಸಾರೆ ಮೆಚ್ಚಿದ್ದಾರೆ. ಇಂದು ತಾಲ್ಲೂಕು ಕಚೇರಿಯಲ್ಲಿ ನಮ್ಮ ಕಡತ ಮುಂದೆ ಹೋಗಿದೆಯೇ ಎಂದು ವಿಚಾರಿಸುತ್ತೇವಲ್ಲ, ಆ ಮಾತಿನ ಹಿಂದೆ ಇರುವುದು ಮಸಿ ಬಳಿದ ಈ ಬಟ್ಟೆಯ ಪುಸ್ತಕವೇ.

ಆದರೆ ಅದೇ ಪತ್ರದಲ್ಲಿ ಒಂದು ನೋವಿನ ಸಂಗತಿಯೂ ಇದೆ. ಹಿಂದೆ ಶಾಲೆ ಇದ್ದ ಅನೇಕ ಊರುಗಳಲ್ಲಿ ಈಗ ಶಾಲೆ ಇಲ್ಲ, ದೇಶ ಬಡವಾಗುತ್ತಿದೆ, ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಯ್ಗೆಯವರ ಕಸುಬು ಕುಗ್ಗಿದೆ, ತಂದೆತಾಯಿಗಳಿಗೆ ಮಕ್ಕಳನ್ನು ಓದಿಸುವ ಶಕ್ತಿ ಉಳಿದಿಲ್ಲ ಎಂದು ಕ್ಯಾಂಪ್‌ಬೆಲ್ ಬರೆಯುತ್ತಾರೆ. ಮನ್ರೋ ಸಾಕ್ಷ್ಯ ಹೇಳಿ ಹತ್ತೇ ವರ್ಷವಾಗಿತ್ತು. ಮಗ್ಗ ನಿಂತ ಮನೆಯ ಮಗು ಶಾಲೆಯನ್ನೂ ಬಿಟ್ಟಿತು. ಮನೆಯ ದುಡಿಮೆಗೂ ಮಕ್ಕಳ ವಿದ್ಯೆಗೂ ಇರುವ ನಂಟನ್ನು ನಮ್ಮ ಜಿಲ್ಲೆಯ ಮಟ್ಟಿಗೆ ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ದಾಖಲೆಯನ್ನು ನಾನು ಓದಿಲ್ಲ.

1921ರ ಅಕ್ಟೋಬರ್ 1ರಂದು ಗಾಂಧೀಜಿ ಬಳ್ಳಾರಿಗೆ ಬಂದರು. ಮದುರೆಯಲ್ಲಿ ಅವರು ಅಂಗಿ ಬಿಟ್ಟು ತುಂಡುಪಂಚೆ ಉಟ್ಟು ಆಗ ಹತ್ತು ದಿನವೂ ಆಗಿರಲಿಲ್ಲ. ಚರಕದ ಮಾತು ನಮ್ಮ ಹಿರಿಯರ ಮನಸ್ಸಿಗೆ ತಾಕಿದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಹತ್ತಿ ಬೆಳೆಯುವ ಎರೆಹೊಲ ಕಣ್ಣೆದುರಿಗಿದ್ದೂ ಬಟ್ಟೆಯನ್ನು ಕೊಂಡು ಉಡಬೇಕಾದ ಕಷ್ಟ ಅವರಿಗೆ ಹೊಸದಲ್ಲ.

ನೆಲದೊಳಗಿನ ಧಾನ್ಯ

ಇನ್ನು ಊಟದ ವಿಷಯ. ಕಾಲುವೆ ಬರುವ ಮೊದಲು ನಮ್ಮದು ಜೋಳದ ಸೀಮೆ. ಹೊಲದಲ್ಲಿ ಜೋಳವೊಂದನ್ನೇ ಬಿತ್ತುವ ರೂಢಿ ಇರಲಿಲ್ಲ. ನಡುನಡುವೆ ಅಕ್ಕಡಿ ಸಾಲು ಹಾಕುತ್ತಿದ್ದರು. ಮುಂಗಾರಿಯಲ್ಲಿ ತೊಗರಿ, ಹೆಸರು, ಅಲಸಂದಿ, ಪುಂಡಿ. ಹಿಂಗಾರಿಯಲ್ಲಿ ಕಡಲೆ, ಕುಸುಬಿ. ಕುಸುಬಿಯನ್ನು ಬದುವಿನ ಕಡೆಗೆ ಬಿತ್ತಿದರೆ ಅದರ ಮುಳ್ಳಿಗೆ ಹೆದರಿ ದನ ಒಳಗೆ ಬಾಯಿ ಹಾಕುವುದಿಲ್ಲ, ಕಾಳಿನಿಂದ ಗಾಣದ ಎಣ್ಣೆಯೂ ಸಿಗುತ್ತದೆ. ಪುಂಡಿಯ ಎಲೆ ಪಲ್ಯಕ್ಕೆ, ನಾರು ಹಗ್ಗಕ್ಕೆ. ಜೋಳದ ತೆನೆ ಮನೆಗೆ, ಸೊಪ್ಪೆ ದನಕ್ಕೆ, ಸಗಣಿ ಮತ್ತೆ ಹೊಲಕ್ಕೆ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಒಲೆ ಹೊತ್ತಿಸುತ್ತಿತ್ತು.

ರಾಶಿ ಮುಗಿದಮೇಲೆ ಧಾನ್ಯ ಹಗೇವಿಗೆ ಇಳಿಯುತ್ತಿತ್ತು. ಇಂದಿನ ಮಕ್ಕಳು ಹಗೇವನ್ನು ನೋಡಿಲ್ಲವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ನೀರು ನಿಲ್ಲದ ಗಟ್ಟಿ ಜಾಗದಲ್ಲಿ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ಗುಂಡಿ ತೋಡುತ್ತಿದ್ದರು. ಒಳಸುತ್ತಿಗೆ ಒಣಹುಲ್ಲು ಹೊದಿಸಿ, ಜೋಳ ತುಂಬಿ, ಮೇಲೆ ಮತ್ತೆ ಹುಲ್ಲು ಹಾಕಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಕಾರಣ ಒಳಗೆ ಹುಳ ಬದುಕುತ್ತಿರಲಿಲ್ಲ. ಧಾನ್ಯ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಆದರೆ ಅದೇ ಗಾಳಿ ಮನುಷ್ಯನಿಗೂ ಆಗದು. ಹಗೇವು ತೆರೆದು ಒಂದು ದಿನ ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಆಳು ಒಳಗೆ ಇಳಿಯಬೇಕು. ಅವಸರಪಟ್ಟು ಇಳಿದವರು ಮೇಲೆ ಬಾರದ ಕಥೆಗಳನ್ನು ನಮ್ಮ ಅಜ್ಜ ಹೇಳುತ್ತಿದ್ದರು.

ಬಿತ್ತನೆಯ ಕಾಳಿಗೆ ಬೇರೆಯೇ ವ್ಯವಸ್ಥೆ. ಒಳ್ಳೆಯ ತೆನೆಗಳನ್ನು ಆರಿಸಿ ಅಡುಗೆಮನೆಯ ಜಂತಿಗೆ ಕಟ್ಟಿದರೆ ಹೊಗೆಯೇ ಕಾವಲು. ಬೇಳೆಕಾಳಿಗೆ ಬೂದಿ ಬೆರೆಸಿ ಗಡಿಗೆಯಲ್ಲಿಡುವುದು. ತರಕಾರಿ ಬೀಜ ಒಣಗಿದ ಸೋರೆಬುರುಡೆಯಲ್ಲಿ. ಈ ಕೆಲಸವೆಲ್ಲ ಹೆಂಗಸರದು. ಎಷ್ಟೇ ಹಸಿವಾದರೂ ಬೀಜದ ಗಡಿಗೆಗೆ ಕೈಹಾಕಬಾರದು ಎಂಬುದು ಮನೆಯ ಕಟ್ಟಳೆ.

ಬರ ಕಲಿಸಿದ ಪಾಠ

ಈ ಎಚ್ಚರ ಸುಮ್ಮನೆ ಬಂದದ್ದಲ್ಲ. 1791–92ರ ಡೋಗಿ ಬರ, 1854ರ ಬರ, 1866ರ ಬರ, ಒಂದಾದಮೇಲೊಂದು ಈ ಸೀಮೆಯನ್ನು ಸುಟ್ಟವು. ಎಲ್ಲಕ್ಕಿಂತ ಘೋರವಾದದ್ದು 1876–78ರ ಧಾತು–ಈಶ್ವರ ಸಂವತ್ಸರಗಳ ಬರ. ಅದಕ್ಕೆ ಹಿಂದಿನ ವರ್ಷಗಳಲ್ಲಿ ಅಮೆರಿಕದ ಅಂತರ್ಯುದ್ಧದಿಂದ (1861–65) ಹತ್ತಿಯ ಬೆಲೆ ಏರಿ ಬಳ್ಳಾರಿ ಸೀಮೆಯ ಹತ್ತಿಗೆ ದೂರದ ಗಿರಾಕಿ ಹುಟ್ಟಿತ್ತು. ಬಳ್ಳಾರಿಗೆ ರೈಲೂ ಬಂದಿತ್ತು. ಇಲ್ಲಿನ ಧಾನ್ಯದ ಬೆಲೆ ದೂರದ ಪೇಟೆಗಳ ಬೆಲೆಯೊಂದಿಗೆ ಕೂಡಿಕೊಂಡಿತು. ಮಳೆ ಹೋದಾಗ ರೈಲಿನಲ್ಲಿ ಧಾನ್ಯ ಬಂತು, ಆದರೆ ಕೊಳ್ಳಲು ಕೂಲಿಯವನ ಕೈಯಲ್ಲಿ ಹಣ ಇರಲಿಲ್ಲ. 1877ರಲ್ಲಿ ಸರ್ಕಾರದ ಪ್ರತಿನಿಧಿ ರಿಚರ್ಡ್ ಟೆಂಪಲ್ ಬರಪರಿಹಾರದ ಕೂಲಿಯನ್ನು ಇಳಿಸಿದಾಗ ಗಂಡಾಳಿಗೆ ದಿನಕ್ಕೆ ಗೊತ್ತಾದದ್ದು ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗೂ ಕಡಿಮೆ, ಮೇಲೆ ಸ್ವಲ್ಪ ಕಾಸು. 1871ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಏರಲಿಲ್ಲ, ಇಳಿಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಹಗೇವು ಇದ್ದದ್ದು ಹೊಲ ಇದ್ದವರಿಗೆ. ಆ ಬರದಲ್ಲಿ ಹೆಚ್ಚು ನೊಂದವರು ಕೂಲಿಯಾಳುಗಳು, ನೇಕಾರರು, ಊರ ಚಾಕರಿಯವರು. ಊರೊಳಗಿನ ಸ್ವಾವಲಂಬನೆ ಆಯಗಾರರ ದುಡಿಮೆಯ ಮೇಲೆ ನಿಂತಿತ್ತು. ಬಡಿಗ, ಕಮ್ಮಾರ, ಕುಂಬಾರ, ಚಮ್ಮಾರರಿಗೆ ವರ್ಷಕ್ಕೊಮ್ಮೆ ಕಣದಲ್ಲಿ ಇಷ್ಟು ಧಾನ್ಯವೆಂದು ಅಳೆದುಕೊಡುತ್ತಿದ್ದರು. ಬಾವಿಯ ಕಪಿಲೆಗೆ ಬಾನಿ ಹೊಲಿದುಕೊಟ್ಟ ಕೈಗೆ ಅದೇ ಬಾವಿಯಲ್ಲಿ ನೀರು ಸೇದುವ ಹಕ್ಕು ಇರಲಿಲ್ಲ. ಹಳೆಯ ಮಿತ ಬಾಳುವೆಯನ್ನು ಹೊಗಳುವಾಗ ಅದರ ಬೆಲೆಯನ್ನು ಯಾರು ತೆತ್ತರು ಎಂಬುದನ್ನೂ ನೆನೆಯಬೇಕು.

ಹರಿದದ್ದನ್ನು ಎಸೆಯದ ಕೈ

ನಮ್ಮ ಮನೆಯಲ್ಲಿ ಅಜ್ಜಿ ಹೊಲಿದ ಕೌದಿಯೊಂದು ಇನ್ನೂ ಇದೆ. ಉಟ್ಟು ಸವೆದ ಸೀರೆ, ಪಂಚೆ, ಮಕ್ಕಳ ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ನಡುವಿನ ತನಕ ಸಾಲಾಗಿ ಗುಬ್ಬಿಹೆಜ್ಜೆಯಂಥ ಹೊಲಿಗೆ ಹಾಕಿದ್ದಾರೆ. ಬೇಸಿಗೆಯ ಮಧ್ಯಾಹ್ನ ನಾಲ್ಕು ಮನೆಯ ಹೆಂಗಸರು ಕೂಡಿ ಕುಳಿತರೆ ಕೌದಿಯ ಜೊತೆಗೆ ಶ್ಯಾವಿಗೆ, ಹಪ್ಪಳ, ಸಂಡಿಗೆಯ ಕೆಲಸವೂ ಸಾಗುತ್ತಿತ್ತು. ಆ ಕೌದಿಯಲ್ಲಿ ನನ್ನ ತಂದೆಯ ಶಾಲೆಯ ಅಂಗಿಯ ತುಂಡೂ ಇದೆ. ಕುರುಬರು ಕುರಿಯ ಉಣ್ಣೆಯಿಂದ ಕಂಬಳಿ ನೇಯ್ದು, ಹುಣಸೆಬೀಜದ ಗಂಜಿ ಹಾಕಿ ಗಟ್ಟಿಮಾಡುತ್ತಿದ್ದರು. ಚಳಿಗೆ ಹೊದಿಕೆ, ಮಳೆಗೆ ಗುಬುರು, ಕಣದಲ್ಲಿ ಹಾಸಿಗೆ, ಎಲ್ಲಕ್ಕೂ ಒಂದೇ ಕಂಬಳಿ.

ಆದರೆ ಬೀಸುಕಲ್ಲಿನ ಮುಂದೆ ಅಜ್ಜಿ ಕೋಳಿ ಕೂಗುವ ಮೊದಲೇ ಕೂರುತ್ತಿದ್ದರು. ಊರಿಗೆ ಹಿಟ್ಟಿನ ಗಿರಣಿ ಬಂದ ದಿನವನ್ನು ಅವರು ಹಬ್ಬದಂತೆ ನೆನೆಯುತ್ತಿದ್ದರು. ‘ಹಳೇದೆಲ್ಲಾ ಬೇಕು ಅನ್ನಬ್ಯಾಡಪ್ಪಾ, ನನ್ನ ರಟ್ಟಿ ಕೇಳು’ ಎಂದು ನನ್ನನ್ನು ಗದರಿದ್ದು ನೆನಪಿದೆ. ಈ ಲೇಖನ ಬರೆಯುವಾಗ ಆ ಮಾತನ್ನು ಮರೆಯದಿರಲು ಪ್ರಯತ್ನಿಸಿದ್ದೇನೆ.

ಕಾಲುವೆ ಬಂದಮೇಲೆ

1953 ನಮ್ಮ ಸೀಮೆಯ ಪಾಲಿಗೆ ದೊಡ್ಡ ವರ್ಷ. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟದ್ದು ಆ ವರ್ಷವೇ, ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದೂ ಆ ವರ್ಷವೇ. ಕಾಲುವೆಯ ನೀರು ಹರಿದಂತೆ ಸಿರುಗುಪ್ಪದ ಎರೆಹೊಲಗಳು ಗದ್ದೆಗಳಾದವು. ಆಂಧ್ರದ ಕಡೆಯಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿ ಭತ್ತದ ಬೇಸಾಯ ಹಬ್ಬಿಸಿದರು. ಸಿರುಗುಪ್ಪ ಭತ್ತದ ಕಣಜವೆನಿಸಿತು. 1964ರಲ್ಲಿ ಬಿಡುಗಡೆಯಾದ ಸಿಎಸ್‌ಎಚ್-1 ಎಂಬ ಹೈಬ್ರಿಡ್ ಜೋಳ ಇಳುವರಿಯನ್ನು ಹೆಚ್ಚಿಸಿತು, ಆದರೆ ಅದರ ಕಾಳನ್ನು ಎತ್ತಿಟ್ಟು ಮತ್ತೆ ಬಿತ್ತಿದರೆ ಅದೇ ಬೆಳೆ ಬಾರದು. ಬೀಜಕ್ಕೆ ಪ್ರತಿ ವರ್ಷ ಅಂಗಡಿಗೇ ಹೋಗಬೇಕಾಯಿತು. ಹಗೇವುಗಳು ಮುಚ್ಚಿದವು, ಅವುಗಳ ಮೇಲೆ ಮನೆಗಳು ಎದ್ದವು.

ನಾವು ಕಾಲುವೆಯನ್ನು ದೂರಬಾರದು. ಅದು ಬಂದಮೇಲೆ ನಮ್ಮವರು ಹಸಿವಿನಿಂದ ಗುಳೆ ಹೋಗುವುದು ಕಡಿಮೆಯಾಯಿತು, ಮಕ್ಕಳು ಶಾಲೆಗೆ ಬಂದರು. ಈ ಪ್ರೌಢಶಾಲೆಯ ತರಗತಿಗಳು ತುಂಬಿದ್ದಕ್ಕೆ ಆ ನೀರೂ ಕಾರಣ. ಆದರೆ 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಮಗೆಲ್ಲ ಹೇಗಾಯಿತೆಂಬುದು ನೆನಪಿದೆಯಲ್ಲವೇ? ತಾತ್ಕಾಲಿಕ ಗೇಟು ಕೂರಿಸುವ ತನಕ ಒಂದು ವಾರ ಊರಿಗೆ ಊರೇ ಉಸಿರು ಬಿಗಿಹಿಡಿದಿತ್ತು. ಒಂದು ಸರಪಳಿ ಕಡಿದರೆ ಗದ್ದೆ, ಸಾಲ, ಊಟ ಎಲ್ಲವೂ ತೂಗಾಡುತ್ತವೆ ಎಂದು ಆಗ ಕಂಡಿತು. ನಮ್ಮ ಹಿರಿಯರು ಒಂದೇ ಬೆಳೆಯನ್ನು, ಒಂದೇ ಪೇಟೆಯನ್ನು ನಂಬಿ ಕೂರುತ್ತಿರಲಿಲ್ಲ. ಉಳಿಸಿಕೊಳ್ಳಬೇಕಾದ ಪಾಠ ಅದೊಂದೇ. ಬೀಸುಕಲ್ಲು ಬೇಡ, ಆಯದ ಮೇಲುಕೀಳು ಬೇಡ. ಕೆಟ್ಟ ವರ್ಷವನ್ನು ದಾಟಿಸುವ ತಿಳಿವಳಿಕೆ ಮಾತ್ರ ಬೇಕು.

ಶಾಲೆ ಮಾಡಬಹುದಾದ ಕೆಲಸ

ಇಂಥ ತಿಳಿವಳಿಕೆಗೆ ಇಂದೂ ಬೆಲೆಯಿದೆ. ಪಕ್ಕದ ಸಂಡೂರಿನಲ್ಲಿ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಜಿಐ ಮಾನ್ಯತೆ ದೊರೆತು, ಅಜ್ಜಿಯರ ಹೊಲಿಗೆ ಮೊಮ್ಮಕ್ಕಳಿಗೆ ಸಂಪಾದನೆಯಾಗಿದೆ. ಬಳ್ಳಾರಿ ನಗರ ಜೀನ್ಸ್ ಹೊಲಿಗೆಯಿಂದ ಹೆಸರು ಮಾಡಿದೆ. ನಮ್ಮ ಕೈಗಳಿಗೆ ಕಸುಬು ಮರೆತಿಲ್ಲ.

ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸೋಣ, ಬೇಡವೆನ್ನುವುದಿಲ್ಲ. ಜೊತೆಗೆ ಹೆಚ್ಚು ಖರ್ಚಿಲ್ಲದ ಎರಡು ಕೆಲಸ ಮಾಡೋಣವೆಂದು ಹಳೆಯ ವಿದ್ಯಾರ್ಥಿಗಳಲ್ಲಿ, ಗುರುಗಳಲ್ಲಿ, ಗ್ರಾಮಸ್ಥರಲ್ಲಿ ವಿನಂತಿಸುತ್ತೇನೆ. ಮೊದಲನೆಯದು, ಶಾಲೆಯ ಕೈತೋಟದಲ್ಲಿ ನಾಲ್ಕು ಮಡಿ ಅಕ್ಕಡಿ ಬೆಳೆಗೆ ಮೀಸಲಿಡುವುದು. ಮಳೆಗಾಲಕ್ಕೆ ಪುಂಡಿ, ಅಲಸಂದಿ, ಹೀರೆ, ಸೋರೆ ಹಾಕಿದರೆ ಬಿಸಿಯೂಟದ ಸಾರಿಗೂ ಆಗುತ್ತದೆ, ಬೀಜವೂ ಉಳಿಯುತ್ತದೆ. ಯಾರ ಮನೆಯಲ್ಲಾದರೂ ಹಳೆಯ ಜವಾರಿ ಬೀಜ ಇನ್ನೂ ಇದ್ದರೆ ದಯವಿಟ್ಟು ಒಂದು ಹಿಡಿ ಶಾಲೆಗೆ ಕೊಡಿ. ಎರಡನೆಯದು, ಪ್ರತಿ ವರ್ಷ ಒಂಬತ್ತನೇ ತರಗತಿಯ ಮಕ್ಕಳು ತಮ್ಮ ಅಜ್ಜಿ, ತಾತ, ನೆರೆಯ ಹಿರಿಯರನ್ನು ಕೇಳಿ, ಹಗೇವು ತೋಡುವುದು ಹೇಗೆ, ಕೌದಿಯ ಮೂಲೆ ತಿರುಗಿಸುವುದು ಹೇಗೆ, ಯಾವ ಕಾಳಿಗೆ ಯಾವ ಬೂದಿ ಎಂದು ತಮ್ಮ ಕೈಬರಹದಲ್ಲಿ ಬರೆದು ಗ್ರಂಥಾಲಯದಲ್ಲಿಡುವುದು. ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ, ಆದರೆ ಅವರ ವಯಸ್ಸು ಎಂಬತ್ತು ದಾಟಿದೆ.

ಆ ಬರಹಗಳನ್ನು ಒಟ್ಟುಗೂಡಿಸಿ, ಹಳೆಯ ಬಟ್ಟೆಯ ರಟ್ಟು ಹಾಕಿ, ದಬ್ಬಣದಿಂದ ಹೊಲಿದು ಕಟ್ಟೋಣ. ಅದಕ್ಕೆ ಕಡತವೆಂದೇ ಹೆಸರಿಡೋಣ. ಶಾಲೆಯ ನೂರನೆಯ ವರ್ಷದ ಸಂಚಿಕೆಗೆ ಚರಿತ್ರೆ ಬರೆಯುವವರಿಗೆ ಅದು ಸಿಗುವಂತಾಗಲಿ.